ಕೊಯ್ಲಿಗೆ ಮುಯ್ಯಾಳಾಗಿ ಹೋಗೋಣ ಬನ್ನಿ

ದಸರೆಯ ಗದ್ದಲ ಮುಗಿಯುವ ಹೊತ್ತಿಗೆ ಮಲೆನಾಡಿನ ಆಕಾಶ ತೊಳೆದಿಟ್ಟಂತೆ ತಿಳಿಯಾಗಿರುತ್ತದೆ. ಜೂನ್‌ನಿಂದ ಬಿಡದೆ ಹೊಯ್ದ ಮಳೆ, ಹಸ್ತೆ ದಾಟಿ ಚಿತ್ತೆಗೆ ಬರುವಾಗ ದಣಿದಿರುತ್ತದೆ. ಮಧ್ಯಾಹ್ನದ ಮೇಲೆ ಒಮ್ಮೆ ಗುಡುಗಿ, ಒಂದು ಗಳಿಗೆ ಸುರಿದು ಸುಮ್ಮನಾಗುತ್ತದೆ. ಬೆಳಗಿನ ಹೊತ್ತು ಗದ್ದೆ ಬಯಲಿನ ಮೇಲೆ ಮಂಜು ತೆಳ್ಳಗೆ ಹಾಸಿಕೊಂಡಿರುತ್ತದೆ. ಬಿಸಿಲೇರಿದರೆ ಬದುವಿನ ತುಂಬ ಪಾತರಗಿತ್ತಿ, ಏರೋಪ್ಲೇನ್ ಚಿಟ್ಟೆ. ಶರದೃತು ಎಂದು ಪಂಚಾಂಗದಲ್ಲಿ ಓದುವ ಕಾಲ ಇದೇ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಕಡೆ ಹೋದರೆ ಅದು ಕಣ್ಣಿಗೆ ಕಾಣುತ್ತದೆ.

ಈ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಕ್ಕಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಎಲ್ಲಿಗಾದರೂ ಹೋಗಬೇಕು ಎಂದುಕೊಂಡವರಿಗೆ ಒಂದು ಮಾತು. ಜಲಪಾತ, ದೇವಸ್ಥಾನ, ಹಿನ್ನೀರು ಎಲ್ಲವನ್ನೂ ನೋಡಿ. ಜೊತೆಗೆ ಒಂದು ಗದ್ದೆಗೆ, ಒಂದು ಅಂಗಳಕ್ಕೆ, ಒಂದು ಕಣಕ್ಕೂ ಹೋಗಿ ಬನ್ನಿ. ಅನ್ನ ತಟ್ಟೆಗೆ ಬರುವ ಮುಂಚೆ ಎಲ್ಲಿತ್ತು ಎಂದು ಮಗು ಕೇಳಿದರೆ ತೋರಿಸಿ ಹೇಳಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮುಯ್ಯಾಳು ಎಂದರೆ ಯಾರು?

ಮಲೆನಾಡಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ನಮ್ಮ ಮನೆಯ ಗದ್ದೆ ಕೊಯ್ಲಿಗೆ ಪಕ್ಕದ ಮನೆಯವರು ಬಂದು ಒಂದು ದಿನ ಕೆಲಸ ಮಾಡಿದರೆ, ಅವರ ಕೊಯ್ಲಿನ ದಿನ ನಮ್ಮ ಮನೆಯವರು ಹೋಗಿ ಅಷ್ಟೇ ಕೆಲಸ ಮಾಡಿಕೊಡಬೇಕು. ಇಲ್ಲಿ ಕೂಲಿಯ ಲೆಕ್ಕವಿಲ್ಲ, ಕೆಲಸಕ್ಕೆ ಕೆಲಸ. ಹೀಗೆ ಬಂದವರೇ ಮುಯ್ಯಾಳು. ಮದುವೆ ಮನೆಯಲ್ಲಿ ಮುಯ್ಯಿ ಮಾಡುತ್ತೇವಲ್ಲ, ಅದೇ ಮುಯ್ಯಿ. ಪಡೆದದ್ದನ್ನು ಮರಳಿಸುವುದು.

ಊರಿನಿಂದ ಬಂದ ಮಕ್ಕಳು ಗದ್ದೆಗೆ ಹೋಗುವಾಗ ಈ ಮಾತು ನೆನಪಿರಲಿ. ವರ್ಷವಿಡೀ ಅಲ್ಲಿಂದ ಬಂದ ಅಕ್ಕಿ ತಿಂದಿದ್ದೇವೆ. ಒಂದು ದಿನ ಹೋಗಿ ಎರಡು ಸಿವುಡು ಹೊತ್ತರೆ, ನಾಲ್ಕು ಅಡಿಕೆ ಸುಲಿದರೆ ಆ ಋಣ ತೀರದು ನಿಜ. ಆದರೆ ಋಣ ಇದೆ ಎಂಬುದು ಮಗುವಿಗೆ ತಿಳಿಯುತ್ತದೆ. ಅಲ್ಲದೆ, ಗದ್ದೆಯ ಬದುವಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬಂದ ಮಗುವಿಗಿಂತ, ಕೆಸರಲ್ಲಿ ಕಾಲೂರಿ ಬಂದ ಮಗುವಿಗೆ ಆ ದಿನ ಹೆಚ್ಚು ಕಾಲ ನೆನಪಿರುತ್ತದೆ.

ಇಡೀ ಋತುವಿನಲ್ಲಿ ಮೂರು ಬಾರಿ ಹೋಗಲು ಮೂರು ಕಾರಣಗಳಿವೆ. ಮೂರಕ್ಕೂ ಹೋಗಲಾಗದಿದ್ದರೆ ಒಂದಕ್ಕಾದರೂ ಹೋಗಿ.

ಮೊದಲ ಪ್ರವಾಸ: ಭೂಮಿತಾಯಿಯ ಸೀಮಂತ

ಆಶ್ವಯುಜ ಮಾಸದ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಮಲೆನಾಡಿನಲ್ಲಿ ಅದು ಭೂಮಿ ಹುಣ್ಣಿಮೆ. ಬಯಲುಸೀಮೆಯ ಹಲವೆಡೆ ಇದನ್ನೇ ಸೀಗೆ ಹುಣ್ಣಿಮೆ ಎನ್ನುತ್ತಾರೆ. ಜುಲೈಯಲ್ಲಿ ನಾಟಿ ಮಾಡಿದ ಭತ್ತ ಈಗ ಹೊಡೆ ತುಂಬಿ, ತೆನೆ ಹೊರಬಂದು, ಕಾಳಿನೊಳಗೆ ಹಾಲು ಕಟ್ಟುವ ಹಂತದಲ್ಲಿರುತ್ತದೆ. ರೈತರ ಕಣ್ಣಿಗೆ ಆಗ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಆ ಬಯಕೆ ತೀರಿಸಬೇಕು. ಮನೆಮಗಳಿಗೆ ಸೀಮಂತ ಮಾಡಿದ ಹಾಗೆ ಗದ್ದೆಗೆ ಸೀಮಂತ ಮಾಡುವ ಹಬ್ಬ ಇದು.

ಸಿದ್ಧತೆ ಹಲವು ದಿನ ಮುಂಚೆಯೇ ಶುರುವಾಗುತ್ತದೆ. ಬಿದಿರಿನ ಬುಟ್ಟಿಗಳನ್ನು ಸಗಣಿಯಿಂದ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣದಿಂದ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಭತ್ತದ ಸಸಿ, ಏಣಿ, ಹಕ್ಕಿ, ಎತ್ತಿನಗಾಡಿ ಎಲ್ಲವೂ ನೇರ ಗೆರೆ, ಓರೆ ಗೆರೆ, ಚುಕ್ಕಿಗಳಲ್ಲೇ ಮೂಡುತ್ತವೆ. ಇದೇ ಭೂಮಣ್ಣಿ ಬುಟ್ಟಿ. ದೊಡ್ಡದೊಂದು, ಸಣ್ಣದೊಂದು. ದೀವರ ಮನೆಗಳ ಹೆಂಗಸರು ಈ ಕಲೆಯಲ್ಲಿ ಎತ್ತಿದ ಕೈ. ಮದುವೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದೂ ಅವರೇ. ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ, ಕೆಮ್ಮಣ್ಣಿನಿಂದ ಕೆಂಪು. ಬಣ್ಣಕ್ಕಾಗಿ ಅಂಗಡಿಗೆ ಹೋಗಬೇಕಾಗಿಯೇ ಇಲ್ಲ.

ಹಬ್ಬದ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಬೆಟ್ಟ, ಬೇಲಿ, ಹಿತ್ತಿಲುಗಳಿಂದ ತಂದ ಹಲವು ಬಗೆಯ ಸೊಪ್ಪು, ತರಕಾರಿಗಳನ್ನು ಸೇರಿಸಿ ಬೇಯಿಸಿ ಚರಗ ಮಾಡುತ್ತಾರೆ. ಕೆಲವೆಡೆ ಇದಕ್ಕೆ ಹಚ್ಚಂಬಲಿ ಎಂದೂ ಹೆಸರು. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು, ಅಮಟೆಕಾಯಿ ಹಾಕಿದ ಪದಾರ್ಥ, ಪಾಯಸ ಎಲ್ಲ ಬೆಳಗಾಗುವುದರೊಳಗೆ ಸಿದ್ಧವಾಗಬೇಕು. ನಸುಕಿನಲ್ಲೇ ಮನೆಯ ಗಂಡಸರು ಚಿತ್ತಾರದ ಬುಟ್ಟಿ ಹೊತ್ತು, ದೀಪ ಹಿಡಿದು ಗದ್ದೆಗೆ, ತೋಟಕ್ಕೆ ಹೋಗಿ ಕೂಗುತ್ತ ಚರಗ ಬೀರುತ್ತಾರೆ. ಕತ್ತಲೆಯಲ್ಲಿ ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಆ ಕೂಗು ಕೇಳುತ್ತದೆ.

ಬೆಳಗಾದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಬರುತ್ತಾರೆ. ಬಾಳೆಕಂಬ, ಮಾವಿನ ತೋರಣ ಕಟ್ಟಿದ ಕಡೆ ಭತ್ತದ ಬುಡಕ್ಕೆ ಪೂಜೆ. ಕೆಲವು ಮನೆಗಳಲ್ಲಿ ತೆನೆಗೆ ಹೆಣ್ಣುಮಕ್ಕಳ ತಾಳಿ, ಸರಗಳನ್ನೇ ತೊಡಿಸುತ್ತಾರೆ. ಕಾಗೆಗೆ ಎಡೆ ಇಡುತ್ತಾರೆ. ಗದ್ದೆಯಲ್ಲಿ ಒಂದು ಕಡುಬನ್ನು ಹೂಳುವ ಪದ್ಧತಿಯೂ ಇದೆ. ಕೊಯ್ಲಿನ ದಿನ ಅದನ್ನು ಅಗೆದು ತೆಗೆಯುತ್ತಾರೆ. ಆಮೇಲೆ ಬದುವಿನ ಮೇಲೆಯೇ ಎಲ್ಲರ ಊಟ. ಮನೆಮನೆಗೂ ಕ್ರಮ ಸ್ವಲ್ಪ ಬೇರೆ, ಜಾತಿಜಾತಿಗೂ ಬೇರೆ. ಆದರೆ ಗದ್ದೆಯಲ್ಲಿ ಕೂತು ಉಣ್ಣುವುದು ಎಲ್ಲರಿಗೂ ಒಂದೇ.

ಮಕ್ಕಳಿಗೆ ಇಲ್ಲಿ ಏನು ಕೆಲಸ? ಹಬ್ಬಕ್ಕೆ ಒಂದು ದಿನ ಮುಂಚೆ ಹೋದರೆ ಸೊಪ್ಪು ಕೊಯ್ಯಲು ದೊಡ್ಡವರ ಹಿಂದೆ ಹೋಗಬಹುದು. ಎಷ್ಟು ಬಗೆಯ ಸೊಪ್ಪಿನ ಹೆಸರು ಕಲಿತೆ ಎಂದು ಪಟ್ಟಿ ಮಾಡಬಹುದು. ಹತ್ತು ದಾಟಿದರೆ ಶಹಬ್ಬಾಸ್. ಅಜ್ಜಿಯರು ಮೂವತ್ತು, ನಲವತ್ತು ಹೆಸರು ಉಸಿರುಬಿಡದೆ ಹೇಳುವುದನ್ನು ಕೇಳಿದರೆ, ಅದೊಂದು ಪುಸ್ತಕವಿಲ್ಲದ ಪಾಠಶಾಲೆ ಎಂಬುದು ಗೊತ್ತಾಗುತ್ತದೆ. ಗದ್ದೆಯವರನ್ನು ಕೇಳಿ ಒಂದೇ ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಲಿ, ಹಾಲು ಜಿನುಗುತ್ತದೆ. ಅಕ್ಕಿ ಗಟ್ಟಿಯಾಗುವ ಮುಂಚೆ ಹಾಲಾಗಿತ್ತು ಎಂಬುದನ್ನು ಒಮ್ಮೆ ಬೆರಳಲ್ಲಿ ಮುಟ್ಟಿದವರು ಮರೆಯಲಾರರು.

ಎರಡನೆಯ ಪ್ರವಾಸ: ಅಡಿಕೆ ಸುಲಿಯುವ ರಾತ್ರಿ

ಭೂಮಿ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ದೀಪಾವಳಿ. ಇಲ್ಲಿ ಅದು ದೊಡ್ಡಹಬ್ಬ. ದನಕರುಗಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟಿ ಗೋಪೂಜೆ ಮಾಡುತ್ತಾರೆ. ಹಬ್ಬದ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ಈ ಹಬ್ಬದ ಆಸುಪಾಸಿನಿಂದ ಅಡಿಕೆ ಕೊಯ್ಲು ಜೋರಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ತೋಟದ ಮನೆಯ ಅಂಗಳವೆಲ್ಲ ಅಡಿಕೆಯೇ.

ಬೆಳಿಗ್ಗೆ ಕೊನೆ ಕೊಯ್ಯುವುದನ್ನು ನೋಡಿ. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಐವತ್ತು, ಅರವತ್ತು ಅಡಿಯ ಮರ ಏರುತ್ತಾನೆ. ಮೇಲಿನಿಂದ ಕೊನೆಯನ್ನು ಹಗ್ಗದ ಮೇಲೆ ಜಾರಿಸಿದರೆ ಕೆಳಗಿದ್ದವನು ನೆಲಕ್ಕೆ ಬೀಳದಂತೆ ಹಿಡಿಯುತ್ತಾನೆ. ಒಂದು ಮರದ ಕೆಲಸ ಮುಗಿದ ಮೇಲೆ ಕೆಳಗಿಳಿಯದೆ, ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುವ ಕೊನೆಗಾರರೂ ಇದ್ದಾರೆ. ನೋಡುವವರ ಎದೆ ಝಲ್ಲೆನ್ನುತ್ತದೆ. ಇಂಥ ಕೊನೆಗಾರರು ಈಗ ಕಡಿಮೆಯಾಗುತ್ತಿದ್ದಾರೆ. ನೆಲದ ಮೇಲೆ ನಿಂತೇ ಉದ್ದನೆಯ ಫೈಬರ್ ದೋಟಿಯಿಂದ ಕೊಯ್ಯುವುದು ಹೆಚ್ಚುತ್ತಿದೆ. ಜೀವದ ಅಪಾಯ ತಪ್ಪಿತಲ್ಲ ಎಂಬುದು ಒಳ್ಳೆಯದೇ. ಹಳೆಯ ಕೈಚಳಕವನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಮಕ್ಕಳನ್ನು ಮಾತ್ರ ಮರದ ಬುಡದಿಂದ ದೂರ ನಿಲ್ಲಿಸಿ.

ಮಲೆನಾಡಿನ ಕೆಂಪಡಿಕೆಗೆ ಕಾಯಿ ಪೂರ್ತಿ ಹಣ್ಣಾಗುವ ಮುಂಚೆಯೇ ಕೊಯ್ಯಬೇಕು. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿಯಬೇಕು, ಬೇಯಿಸಬೇಕು. ಅದಕ್ಕೇ ಸುಲಿಯುವ ಕೆಲಸ ರಾತ್ರಿಗೂ ಮುಂದುವರಿಯುತ್ತದೆ. ಮಣೆಗೆ ಜೋಡಿಸಿದ ಮೆಟ್ಟುಗತ್ತಿಯನ್ನು ಕಾಲಿನಿಂದ ಒತ್ತಿಹಿಡಿದು, ಎರಡೂ ಕೈಯಿಂದ ಅಡಿಕೆಯನ್ನು ತಿರುವಿದರೆ ಸಿಪ್ಪೆ ಒಂದು ಕಡೆ, ಬೆಟ್ಟೆ ಇನ್ನೊಂದು ಕಡೆ. ಸಾಲಾಗಿ ಕೂತವರ ನಡುವೆ ಊರಿನ ಸುದ್ದಿ, ಒಗಟು, ಯಕ್ಷಗಾನದ ಪದ, ದೆವ್ವದ ಕಥೆ ಎಲ್ಲ ಬಂದುಹೋಗುತ್ತವೆ. ಮಲೆನಾಡಿನ ಎಷ್ಟೋ ಮಕ್ಕಳು ಕಥೆ ಕೇಳಿ ಬೆಳೆದದ್ದು ಈ ಜಗಲಿಯಲ್ಲೇ. ಈಗ ಹಲವು ಮನೆಗಳಲ್ಲಿ ಸುಲಿಯುವ ಯಂತ್ರ ಬಂದಿದೆ. ಯಂತ್ರದ ಸದ್ದಿನ ಮುಂದೆ ಕಥೆ ಹೇಳುವವರ ದನಿ ಕೇಳಿಸದು.

ಮೆಟ್ಟುಗತ್ತಿ ಮಕ್ಕಳ ಕೈಗೆ ಬೇಡ. ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬುವುದು, ಸಿಪ್ಪೆ ಒಟ್ಟುವುದು, ಬೆಳಿಗ್ಗೆ ತಟ್ಟಿಯ ಮೇಲೆ ಅಡಿಕೆ ಹರಡುವುದು, ಸಂಜೆ ಮತ್ತೆ ಒಟ್ಟುಮಾಡುವುದು ಇವೆಲ್ಲ ಅವರಿಗೆ ತಕ್ಕ ಕೆಲಸ. ಒಲೆಯ ಹತ್ತಿರ ನಿಂತು ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುವುದನ್ನು ನೋಡಲಿ. ಬೇಯಿಸಿದ ನೀರು ಕುದಿದು ಕುದಿದು ಗಟ್ಟಿಯಾದರೆ ಅದೇ ಚೊಗರು. ಅಡಿಕೆಗೆ ಕೆಂಪು ಹೊಳಪು ಕೊಡುವುದು ಅದೇ. ಬಟ್ಟೆಗೆ ಬಣ್ಣವಾಗಿಯೂ ಅದು ಬರುತ್ತದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿರುವ ಚರಕ ಎಂಬ ಮಹಿಳಾ ಸಹಕಾರ ಸಂಘದಲ್ಲಿ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ನೇಯುತ್ತಾರೆ. ಬೆಳಿಗ್ಗೆ ಅಂಗಳದಲ್ಲಿ ಕಂಡ ಬಣ್ಣವನ್ನು ಮಧ್ಯಾಹ್ನ ಅಂಗಿಯಲ್ಲಿ ಕಂಡರೆ ಮಕ್ಕಳ ಮುಖ ನೋಡಬೇಕು.

ಒಂದು ಎಚ್ಚರಿಕೆ. ಅಡಿಕೆ ಮಕ್ಕಳ ಬಾಯಿಗಲ್ಲ. ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರಬಹುದೆಂದು ವೈದ್ಯರು ಹೇಳುತ್ತಾರೆ. ರೈತರ ದುಡಿಮೆಯನ್ನು ಮೆಚ್ಚೋಣ, ತಿನ್ನುವ ಅಭ್ಯಾಸ ಬೇಡ ಎಂದು ಮಕ್ಕಳಿಗೆ ನೇರವಾಗಿಯೇ ಹೇಳಿ.

ಮೂರನೆಯ ಪ್ರವಾಸ: ಕುಡುಗೋಲಿನ ದಿನ

ಹಾಲುಗಾಳು ಗಟ್ಟಿಯಾಗಲು ಸುಮಾರು ಒಂದು ತಿಂಗಳು ಬೇಕು. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಹಸಿರು ಬಯಲು ಹೊಂಬಣ್ಣಕ್ಕೆ ತಿರುಗಿ ತೆನೆ ತಲೆಬಾಗುತ್ತದೆ. ಗದ್ದೆಯ ನೀರನ್ನು ಮುಂಚೆಯೇ ಹೊರಗೆ ಬಿಟ್ಟು ನೆಲ ಒಣಗಿಸಿರುತ್ತಾರೆ. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ಲು ಶುರು. ಎಡಗೈಯಲ್ಲಿ ನಾಲ್ಕೈದು ಬುಡ ಒಟ್ಟಿಗೆ ಹಿಡಿದು ಬಲಗೈಯ ಕುಡುಗೋಲಿನಿಂದ ಸರಕ್ಕನೆ ಎಳೆಯಬೇಕು. ಕೊಯ್ದದ್ದನ್ನು ಅಲ್ಲೇ ಸಾಲಾಗಿ ಹರಡಿ ಎರಡು ಮೂರು ದಿನ ಬಿಸಿಲಿಗೆ ಬಿಡುತ್ತಾರೆ. ಒಣಗಿದ ಮೇಲೆ ಸಿವುಡು ಕಟ್ಟಿ, ಹೊರೆ ಮಾಡಿ ಕಣಕ್ಕೆ ಸಾಗಿಸುತ್ತಾರೆ. ಒಂದು ಎಕರೆ ಕೊಯ್ಯಲು ಎಂಟು ಹತ್ತು ಆಳು ಒಂದು ದಿನ ಬಗ್ಗಿದ ಸೊಂಟ ಎತ್ತದೆ ದುಡಿಯಬೇಕು.

ಈ ಎರಡು ಮೂರು ದಿನ ರೈತರ ಕಣ್ಣು ಆಕಾಶದ ಮೇಲೇ ಇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿಯೂ ಮೋಡ ಕವಿಯುವುದುಂಟು. ಕೊಯ್ದು ಹಾಸಿದ ಭತ್ತದ ಮೇಲೆ ಮಳೆ ಬಿದ್ದರೆ ಕಾಳು ಅಲ್ಲೇ ಮೊಳೆಯುತ್ತದೆ, ಹುಲ್ಲು ಕೊಳೆಯುತ್ತದೆ. ಆರು ತಿಂಗಳ ಬೆಳೆ ಒಂದು ಸಂಜೆಯಲ್ಲಿ ಹೋಗಬಹುದು. ನೀವು ಹೋದ ದಿನ ಮೋಡವಾಗಿ, ಮನೆಯವರು ನಿಮ್ಮೊಡನೆ ಮಾತಾಡದೆ ಹೊರೆ ಹೊರಲು ಓಡಿದರೆ ಬೇಸರಿಸಬೇಡಿ. ಮುಯ್ಯಾಳಿಗೆ ಬೆಲೆ ಬರುವುದು ಅಂದೇ. ನೀವೂ ಒಂದು ಹೊರೆಗೆ ತಲೆ ಕೊಡಿ.

ಕಣದ ಕೆಲಸ ಮಕ್ಕಳಿಗೆ ಇನ್ನೂ ಇಷ್ಟವಾಗುತ್ತದೆ. ನೆಲವನ್ನು ಕೆತ್ತಿ ಸಮಮಾಡಿ, ಸಗಣಿಯಿಂದ ಸಾರಿಸಿದ ಅಂಗಳವೇ ಕಣ. ಹಿಂದೆ ಎತ್ತು ಕಟ್ಟಿ ತುಳಿಸುತ್ತಿದ್ದರು, ಇಲ್ಲವೇ ಸಿವುಡನ್ನು ಕಲ್ಲಿಗೋ ಮರದ ಹಲಗೆಗೋ ಬಡಿದು ಕಾಳು ಉದುರಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಒಕ್ಕಲು ಯಂತ್ರ ಅಥವಾ ಟ್ರ್ಯಾಕ್ಟರ್. ಉದುರಿದ ಕಾಳನ್ನು ತೂರುವುದು ಮಾತ್ರ ಅಲ್ಲಲ್ಲಿ ಹಾಗೇ ಉಳಿದಿದೆ. ಗಾಳಿ ಬೀಸುವ ಕಡೆ ನೋಡಿ ನಿಂತು ಮೊರ ಎತ್ತಿ ಕಾಳನ್ನು ನಿಧಾನ ಸುರಿದರೆ ಗಟ್ಟಿ ಕಾಳು ಕಾಲ ಬುಡಕ್ಕೆ ನೇರ ಬೀಳುತ್ತದೆ, ಜೊಳ್ಳು ದೂರ ಹಾರಿಹೋಗುತ್ತದೆ. ತೂಕ ಹೆಚ್ಚಿದ್ದು ಹತ್ತಿರ, ಹಗುರಾದದ್ದು ದೂರ. ವಿಜ್ಞಾನದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರಯೋಗಶಾಲೆ ಹೇಳಿಕೊಡುತ್ತದೆ? ಗಟ್ಟಿ ಯಾವುದು ಜೊಳ್ಳು ಯಾವುದು ಎಂಬ ಮಾತು ನಮ್ಮ ನುಡಿಗೆ ಬಂದದ್ದೂ ಇಲ್ಲಿಂದಲೇ.

ರಾಶಿಯಾದ ಮೇಲೆ ರಾಶಿಪೂಜೆ, ಆಮೇಲೆ ಅಳತೆ. ಹಳೆಯ ಲೆಕ್ಕದಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಯ್ಲಿನ ಹೊತ್ತಿನಲ್ಲಿ ಕಾಳಿನಲ್ಲಿ ಶೇಕಡಾ 20ಕ್ಕೂ ಹೆಚ್ಚು ನೀರಿನಂಶವಿರುತ್ತದೆ. ಅದು ಸುಮಾರು 14ಕ್ಕೆ ಇಳಿಯುವವರೆಗೆ ಒಣಗಿಸದೆ ಕಣಜಕ್ಕೆ ತುಂಬುವಂತಿಲ್ಲ, ತುಂಬಿದರೆ ಬೂಸಲು ಹಿಡಿಯುತ್ತದೆ. ರೈತರ ಬಳಿ ಇದಕ್ಕೆ ಮೀಟರ್ ಇಲ್ಲ. ಕಾಳನ್ನು ಹಲ್ಲಿಗೆ ಕೊಟ್ಟು ಕಚ್ಚುತ್ತಾರೆ. ಕಟ್ ಎಂದು ಮುರಿದರೆ ಒಣಗಿದೆ ಎಂದರ್ಥ. ಮಕ್ಕಳೂ ಕಚ್ಚಿ ನೋಡಲಿ.

ಒಂದು ತೆನೆಯ ಲೆಕ್ಕ

ಮಕ್ಕಳೇ, ಈ ಲೆಕ್ಕ ನಿಮಗೆ. ಕಣದಲ್ಲಿ ಮನೆಯವರನ್ನು ಕೇಳಿ ಒಂದು ತೆನೆ ತೆಗೆದುಕೊಳ್ಳಿ. ಗಟ್ಟಿ ಕಾಳು ಎಷ್ಟು, ಜೊಳ್ಳು ಎಷ್ಟು ಎಣಿಸಿ ಬರೆದುಕೊಳ್ಳಿ. ಸಾಮಾನ್ಯವಾಗಿ ಗಟ್ಟಿ ಕಾಳು ನೂರರ ಆಸುಪಾಸು ಇರಬಹುದು, ಒಳ್ಳೆಯ ತೆನೆಯಲ್ಲಿ ಇನ್ನೂ ಹೆಚ್ಚು.

ಈಗ ನಿಮ್ಮ ಒಂದು ಹೊತ್ತಿನ ಊಟಕ್ಕೆ 75 ಗ್ರಾಂ ಅಕ್ಕಿ ಬೇಕು ಎಂದುಕೊಳ್ಳಿ. ಅಕ್ಕಿಯ ಸಾವಿರ ಕಾಳು ಸುಮಾರು 20 ಗ್ರಾಂ ತೂಗುತ್ತದೆ. ಹಾಗಾದರೆ ನಿಮ್ಮ ತಟ್ಟೆಯಲ್ಲಿ ಸುಮಾರು 3,750 ಕಾಳು. ತೆನೆಗೆ ನೂರು ಕಾಳು ಎಂದರೆ 37 ಅಥವಾ 38 ತೆನೆ. ಒಂದು ಬುಡದಲ್ಲಿ ಎಂಟು ತೆನೆ ಬಂದರೆ ಹೆಚ್ಚುಕಡಿಮೆ ಐದು ಬುಡ. ಜೂನ್‌ನಲ್ಲಿ ಬಿತ್ತಿ, ಜುಲೈಯಲ್ಲಿ ಕಿತ್ತು ನೆಟ್ಟು, ಕಳೆ ತೆಗೆದು, ಹಂದಿ ನವಿಲುಗಳಿಂದ ಕಾದು, ಡಿಸೆಂಬರ್‌ನಲ್ಲಿ ಕೊಯ್ದ ಐದು ಬುಡ ನಿಮ್ಮ ಒಂದು ಊಟ. ನಿಮ್ಮ ತೆನೆಯ ಲೆಕ್ಕ ಎಷ್ಟು ಬಂತು? ಮನೆಯ ಎಲ್ಲರಿಗೂ ಸೇರಿ ಒಂದು ದಿನಕ್ಕೆ ಎಷ್ಟು ಬುಡ ಬೇಕು? ಗುಣಿಸಿ ನೋಡಿ.

ದಾರಿಯಲ್ಲಿ ಇಕ್ಕೇರಿ, ಕೆಳದಿ, ಜೋಗ

ಗದ್ದೆಯ ಕೆಲಸ ಮಧ್ಯಾಹ್ನದೊಳಗೆ ಮುಗಿಸಿದರೆ ಸಂಜೆಗೆ ಸುತ್ತಾಡಲು ಸಮಯ ಸಿಗುತ್ತದೆ. ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವಿದೆ. ಕಣಶಿಲೆಯ ದೊಡ್ಡ ಗುಡಿ, ಎದುರಿಗೆ ನಂದಿ ಮಂಟಪ. ಗುಡಿಯ ನೆಲದ ಮೇಲೆ ದೇವರಿಗೆ ಸಾಷ್ಟಾಂಗ ನಮಸ್ಕರಿಸುತ್ತಿರುವ ಮೂವರು ನಾಯಕರ ಚಿತ್ರಗಳನ್ನು ಕೆತ್ತಿದ್ದಾರೆ. ಮಕ್ಕಳಿಗೆ ಹುಡುಕಲು ಹೇಳಿ. ಇನ್ನೊಂದು ದಿಕ್ಕಿನಲ್ಲಿ ಕೆಳದಿ. ಅಲ್ಲಿನ ವೀರಭದ್ರ ದೇವಾಲಯದ ಚಾವಣಿಯಲ್ಲಿ ಗಂಡಭೇರುಂಡ ಇದೆ. ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ.

ಇಲ್ಲಿ ಆಳಿದ ಶಿವಪ್ಪನಾಯಕನ ಹೆಸರು ಕೇಳಿರುತ್ತೀರಿ. ಹದಿನೇಳನೆಯ ಶತಮಾನದಲ್ಲಿ ಅವನು ಮಣ್ಣಿನ ಗುಣ, ಬರುವ ಫಸಲು ನೋಡಿ ಗದ್ದೆ ತೋಟಗಳಿಗೆ ಕಂದಾಯ ಗೊತ್ತುಮಾಡಿದ. ಅದೇ ಶಿಸ್ತು ಎಂದು ಹೆಸರಾಯಿತು. ಬೆಳಿಗ್ಗೆ ಕಣದಲ್ಲಿ ರಾಶಿ ಅಳೆದವರಿಗೆ, ಸಂಜೆ ಈ ಮಾತು ಹೇಳಿದರೆ ಇತಿಹಾಸ ಬೇಗ ಅರ್ಥವಾಗುತ್ತದೆ. ಅರಮನೆ, ಗುಡಿ ಎಲ್ಲದಕ್ಕೂ ಬುನಾದಿ ಈ ಬಯಲಿನ ಭತ್ತ ಮತ್ತು ತೋಟದ ಫಸಲು.

ಜೋಗ ಸಾಗರದಿಂದ ಸುಮಾರು 30 ಕಿ.ಮೀ. ಶರಾವತಿ ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ 253 ಮೀಟರ್ ಕೆಳಕ್ಕೆ ಧುಮುಕುವ ಜಾಗ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ಇನ್ನೂ ನೀರಿರುತ್ತದೆ, ಡಿಸೆಂಬರ್ ಹೊತ್ತಿಗೆ ತೆಳ್ಳಗಾಗುತ್ತದೆ. ಮೇಲಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಮನೆಗಳಿಗೆ ಬೆಳಕು ಬಂತು, ಹಿನ್ನೀರಿನಡಿ ಎಷ್ಟೋ ಊರು, ಗದ್ದೆ, ತೋಟ ಮುಳುಗಿದವು. ಭೂಮಿ ಹುಣ್ಣಿಮೆಗೆ ಚರಗ ಬೀರಲು ಗದ್ದೆಯೇ ಇಲ್ಲದೆ ಊರು ಬಿಟ್ಟ ಕುಟುಂಬಗಳ ಕಥೆಯನ್ನೂ ಈ ನೀರಿನ ದಂಡೆಯಲ್ಲಿ ನಿಂತು ಮಕ್ಕಳಿಗೆ ಹೇಳಬೇಕು.

ಹೊರಡುವ ಮುನ್ನ

* ಬೆಂಗಳೂರು, ಮೈಸೂರು ಕಡೆಯಿಂದ ತಾಳಗುಪ್ಪಕ್ಕೆ ರೈಲಿದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗದವರಿಗೆ ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಲು ಸಾಧ್ಯ.

* ನೆಂಟರಿದ್ದರೆ ಅವರ ಮನೆಗೇ ಹೋಗಿ. ಇಲ್ಲದಿದ್ದರೆ ರೈತರೇ ನಡೆಸುವ ಹೋಮ್‌ಸ್ಟೇ ಆರಿಸಿಕೊಳ್ಳಿ. ಕೊಯ್ಲು ಯಾವ ದಿನ ಎಂದು ಮುಂಚೆಯೇ ಕೇಳಿ. ಅವರಿಗೆ ಅನುಕೂಲವಾದ ದಿನವೇ ನಿಮ್ಮ ದಿನವಾಗಲಿ.

* ದಾರಿಬದಿಯ ಗದ್ದೆಗೆ ಕೇಳದೆ ಇಳಿಯಬೇಡಿ. ತುಳಿದ ಒಂದೊಂದು ಬುಡವೂ ಅವರ ಅನ್ನ. ಹಬ್ಬದ ಪೂಜೆಯ ಹೊತ್ತಿನಲ್ಲಿ ಫೋಟೊ ತೆಗೆಯಲು ಒಪ್ಪಿಗೆ ಕೇಳಿ.

* ತುಂಬುತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟು ಹಾಕಿಸಿ. ಭತ್ತದ ಸುಂಕು ಮೈಗೆ ತಾಗಿದರೆ ತುರಿಕೆ. ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿದರೆ ಹೋಗುತ್ತದೆ.

* ಅಕ್ಟೋಬರ್‌ನಲ್ಲಿ ತೋಟದೊಳಗೆ ಉಂಬಳ ಇನ್ನೂ ಇರುತ್ತದೆ. ಹತ್ತಿದರೆ ಹೆದರಬೇಡಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಗದ್ದೆಯಲ್ಲಿ ಇಲಿ ಹಿಡಿಯಲು ಹಾವು ಬರುವುದು ಸಹಜ. ದೊಡ್ಡವರು ಮುಂದೆ, ಮಕ್ಕಳು ಹಿಂದೆ.

* ಕುಡುಗೋಲು, ಮೆಟ್ಟುಗತ್ತಿ, ಒಕ್ಕಲು ಯಂತ್ರದ ಹತ್ತಿರ ಸಣ್ಣ ಮಕ್ಕಳು ಬೇಡ. ಹಿನ್ನೀರಿನಲ್ಲಿ ಯಾರೂ ಈಜಲು ಇಳಿಯಬೇಡಿ. ಮೇಲೆ ಶಾಂತ, ಒಳಗೆ ಆಳ.

* ಬರಿಗೈಯಲ್ಲಿ ಹೋಗಬೇಡಿ. ಹಣ್ಣು, ಮಕ್ಕಳ ಪುಸ್ತಕ ಏನಾದರೂ ಇರಲಿ. ಬರುವಾಗ ಅವರ ಮನೆಯ ಅಕ್ಕಿ, ಬೆಲ್ಲ, ಉಪ್ಪಿನಕಾಯಿಯನ್ನು ಹೇಳಿದ ಬೆಲೆಗೆ ಕೊಂಡು ತನ್ನಿ. ಚೌಕಾಶಿ ಬೇಡ.

ಎಷ್ಟು ದಿನ ಇರುತ್ತದೆ ಈ ಕಣ?

ಮಲೆನಾಡಿನ ಬಯಲುಗಳಲ್ಲಿ ಸುತ್ತಾಡುವವರಿಗೆ ಒಂದು ಬದಲಾವಣೆ ಕಾಣುತ್ತದೆ. ಹಿಂದೆ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಅಡಿಕೆ ಸಸಿಗಳು ಎದ್ದು ನಿಂತಿವೆ, ಕೆಲವೆಡೆ ಶುಂಠಿ, ಕೆಲವೆಡೆ ಬರೀ ಹುಲ್ಲು. ಕಾರಣ ಕೇಳಿದರೆ ರೈತರು ಮರೆಮಾಚದೆ ಹೇಳುತ್ತಾರೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಖರ್ಚು ಹುಟ್ಟುವುದಿಲ್ಲ, ಹಂದಿ, ಮಂಗ, ನವಿಲಿನ ಕಾಟ ಬೇರೆ. ಅಡಿಕೆಯಾದರೆ ನಾಲ್ಕು ಕಾಸು ಉಳಿಯುತ್ತದೆ. ಆದರೆ ತೋಟಗಳಿಗೆ ಎಲೆಚುಕ್ಕಿ ರೋಗ ಬಂದಾಗ, ಮನೆಯಲ್ಲಿ ಉಣ್ಣಲು ಬೆಳೆದ ಭತ್ತವೂ ಇಲ್ಲದೆ ಚಿಂತೆಗೆ ಬಿದ್ದವರಿದ್ದಾರೆ. ಉಳಿದ ಗದ್ದೆಗಳಿಗೆ ಕೊಯ್ಲು ಯಂತ್ರ ಬರುತ್ತಿದೆ. ಎಂಟು ಹತ್ತು ಆಳಿನ ಕೆಲಸ ಗಂಟೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹುಲ್ಲು ಮುರಿದು ಪುಡಿಯಾಗುವುದರಿಂದ ದನಗಳಿಗೆ ಮೇವಿನ ಕೊರತೆ. ದನ ಕಡಿಮೆಯಾದರೆ ಗೊಬ್ಬರ ಕಡಿಮೆ. ಒಂದಕ್ಕೊಂದು ಕೊಂಡಿ.

ರೈತರು ಹೀಗೇ ಮಾಡಬೇಕು ಎಂದು ಹೇಳಲು ಊರಿನಿಂದ ಒಂದು ದಿನಕ್ಕೆ ಹೋದ ನಮಗೆ ಹಕ್ಕಿಲ್ಲ. ಬಗ್ಗಿ ಕೊಯ್ಯುವ ಸೊಂಟ ಅವರದು. ನಮ್ಮ ಕೈಲಾಗುವುದು ಇಷ್ಟು. ಭತ್ತ ಬೆಳೆಯುವ ಮನೆಯೊಂದನ್ನು ಗುರುತಿಸಿ ವರ್ಷದ ಅಕ್ಕಿಯನ್ನು ಅವರಿಂದಲೇ ಕೊಳ್ಳಬಹುದು. ಪ್ರತಿ ವರ್ಷ ಅದೇ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಹೀಗೆ ಮೂರು ನಾಲ್ಕು ವರ್ಷ ಹೋದರೆ ಮಕ್ಕಳಿಗೂ ಹಳ್ಳಿಯಲ್ಲೊಂದು ಮನೆಯಾಗುತ್ತದೆ, ಆ ಮನೆಯವರಿಗೂ ಪೇಟೆಯಲ್ಲೊಂದು ನೆಂಟಸ್ತಿಕೆಯಾಗುತ್ತದೆ.

ಕೊಯ್ಲು ಮುಗಿದು ಚಳಿ ಬಲಿತ ಮೇಲೆ ಅಲ್ಲಲ್ಲಿ ಆಲೆಮನೆ ಹೂಡುತ್ತಾರೆ. ಕಬ್ಬಿನ ಹಾಲು, ಬಿಸಿ ನೊರೆಬೆಲ್ಲ, ಮಡಕೆ ಬೋರಲು ಹಾಕಿ ಅದರ ಮೇಲೆ ತೆಳ್ಳಗೆ ಎರೆದ ತೊಡೆದೇವು. ಈ ಸಲ ಗದ್ದೆಗೆ ಬಂದು ಕೈಗೂಡಿಸಿದ ಮಕ್ಕಳಿಗೆ ಆಲೆಮನೆಗೆ ಬನ್ನಿ ಎಂದು ಮನೆಯವರೇ ಕರೆ ಕಳಿಸುತ್ತಾರೆ. ಮುಯ್ಯಿ ಎಂದರೆ ಹಾಗೆಯೇ ಅಲ್ಲವೇ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.